ಮಳೆಗಾಲದಲ್ಲಿ ಮೊಟ್ಟೆಯೊಳಗೇ ಸತ್ತ ಮರಿಗಳು

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. 14 ಊರಿನ ಹೇಂಟೆ, ಒಂದು ಹುಂಜ ಇವೆ. ಜೂನ್ ಕೊನೆಗೆ ಆನ್‌ಲೈನಿನಲ್ಲಿ ಸಣ್ಣ ಇನ್‌ಕ್ಯುಬೇಟರ್ ತರಿಸಿ 24 ಮೊಟ್ಟೆ ಇಟ್ಟೆ. ಒಳಗೆ ಫ್ಯಾನ್ ಇದೆ, ಮೊಟ್ಟೆ ತಾನೇ ತಿರುಗುತ್ತದೆ. ಬಿಸಿ 37.7 ಡಿಗ್ರಿ, ನೀರಿನ ತೊಟ್ಟಿ ಯಾವಾಗಲೂ ತುಂಬಿಟ್ಟಿದ್ದೆ. ಹುಟ್ಟಿದ್ದು 5 ಮರಿ ಮಾತ್ರ. ಉಳಿದದ್ದನ್ನು ಒಡೆದು ನೋಡಿದೆ. 3 ಬರೀ ಮೊಟ್ಟೆ, 2ರಲ್ಲಿ ಸಣ್ಣದರಲ್ಲೇ ಸತ್ತ ಗುರುತು, 14ರಲ್ಲಿ ಪೂರ್ತಿ ಬೆಳೆದ ಮರಿ ಒದ್ದೆ ಒದ್ದೆಯಾಗಿ ಸತ್ತಿತ್ತು. ಹುಟ್ಟಿದ ಐದರಲ್ಲೂ ಎರಡು ಕರೆಂಟು ಹೋದ ರಾತ್ರಿ ಸತ್ತವು. ಅದೇ ವಾರ ಅತ್ತೆ ಹೆಡಿಗೆಯಲ್ಲಿ ಕಾವಿಗೆ ಕೂರಿಸಿದ ಹೇಂಟೆ 11 ಮೊಟ್ಟೆಯಲ್ಲಿ 9 ಮರಿ ಮಾಡಿತು. ನಾನು ಎಲ್ಲಿ ತಪ್ಪಿದೆ? ಯಂತ್ರ ಬಿಟ್ಟು ಕೋಳಿಯನ್ನೇ ನಂಬಬೇಕಾ? ಗುಡುಗಿಗೆ ಮೊಟ್ಟೆ ಹಾಳಾಗುತ್ತದೆ ಅಂತ ಅತ್ತೆ ಹೇಳುತ್ತಾರೆ, ಅದು ನಿಜವಾ?

ಉತ್ತರ:

ನೀವು ಮೊಟ್ಟೆ ಒಡೆದು ನೋಡಿ ಲೆಕ್ಕ ಇಟ್ಟದ್ದು ತುಂಬಾ ಒಳ್ಳೆಯದಾಯಿತು. ಹೆಚ್ಚಿನವರು ಬೇಸರದಲ್ಲಿ ಎಲ್ಲವನ್ನೂ ತೆಂಗಿನ ಬುಡಕ್ಕೆ ಹಾಕಿಬಿಡುತ್ತಾರೆ. ಆಮೇಲೆ ಕಾರಣ ಹುಡುಕಲು ಏನೂ ಉಳಿಯುವುದಿಲ್ಲ. ನಿಮ್ಮ ಲೆಕ್ಕವೇ ಅರ್ಧ ಉತ್ತರ ಹೇಳುತ್ತಿದೆ.

24ರಲ್ಲಿ 3 ಬರೀ ಮೊಟ್ಟೆ, 2 ಮೊದಲಲ್ಲೇ ಸತ್ತದ್ದು. ಇದು ಎಲ್ಲರ ಮನೆಯಲ್ಲೂ ಆಗುವಂಥದ್ದು. ಅಂದರೆ ಹುಂಜ ಸರಿಯಿದೆ, ಮೊಟ್ಟೆ ಸರಿಯಿದೆ. ಬಿಸಿಯೂ ಹೆಚ್ಚುಕಡಿಮೆ ಸರಿಯಿತ್ತು. ಬಿಸಿ ಕೆಟ್ಟಿದ್ದರೆ ಅಷ್ಟು ಮರಿಗಳು ಕೊನೆಯವರೆಗೆ ಬೆಳೆಯುತ್ತಲೇ ಇರಲಿಲ್ಲ. 14 ಮರಿಗಳು ಪೂರ್ತಿ ಬೆಳೆದು, ಇನ್ನೇನು ಹೊರಗೆ ಬರಬೇಕು ಅನ್ನುವಾಗ, ಒದ್ದೆಯಾಗಿ ಸತ್ತಿವೆ. ತಪ್ಪಿದ್ದು ನೀರಿನಲ್ಲಿ. ಈ ಮಳೆಗಾಲದಲ್ಲಿ ನಿಮ್ಮ ತೊಟ್ಟಿಗೆ ಮೊದಲ 18 ದಿನ ಒಂದು ಹನಿ ನೀರೂ ಬೇಕಿರಲಿಲ್ಲ.

ಇದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಮುಂದಿನ ಸಲ ಯಾರನ್ನೂ ಕೇಳಬೇಕಾಗಿಲ್ಲ.

ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿ ಕೋಶ ಇರುತ್ತದೆ. ಬೇಯಿಸಿದ ಮೊಟ್ಟೆ ಸುಲಿಯುವಾಗ ಒಂದು ಬದಿ ಚಪ್ಪಟೆ ಕಾಣುತ್ತದಲ್ಲ, ಅದೇ ಜಾಗ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಕಾವಿನಲ್ಲಿ ಇರುವಷ್ಟು ದಿನ ಆ ತೂತುಗಳಿಂದ ಮೊಟ್ಟೆಯ ನೀರು ಆವಿಯಾಗಿ ಹೋಗುತ್ತಾ ಇರುತ್ತದೆ. ನೀರು ಹೋದಷ್ಟೂ ಗಾಳಿ ಕೋಶ ದೊಡ್ಡದಾಗುತ್ತದೆ. 18ನೇ ದಿನಕ್ಕೆ ಅದು ಮೊಟ್ಟೆಯ ಸುಮಾರು ಮೂರರಲ್ಲಿ ಒಂದು ಪಾಲು ಆಗಿರಬೇಕು. ಯಾಕೆಂದರೆ ಮರಿ ತನ್ನ ಮೊದಲ ಉಸಿರನ್ನು ಎಳೆಯುವುದು ಅಲ್ಲಿಂದ. 19, 20ನೇ ದಿನದ ಹೊತ್ತಿಗೆ ಅದು ಕೊಕ್ಕಿನಿಂದ ಒಳಪೊರೆ ಹರಿದು, ಆ ಕೋಶಕ್ಕೆ ಮೂತಿ ಹಾಕಿ ಉಸಿರಾಡಲು ಶುರು ಮಾಡುತ್ತದೆ. ಆಮೇಲೆ ಕೊಕ್ಕಿನ ತುದಿಯ ಗಟ್ಟಿ ಮುಳ್ಳಿನಿಂದ ಚಿಪ್ಪು ಕುಟ್ಟುತ್ತದೆ.

ಹೊರಗೆ ತೇವ ಜಾಸ್ತಿಯಿದ್ದರೆ ಮೊಟ್ಟೆಯಿಂದ ನೀರು ಹೋಗುವುದಿಲ್ಲ. ಕೋಶ ಸಣ್ಣದಾಗಿಯೇ ಉಳಿಯುತ್ತದೆ. ಮರಿ ಮಾತ್ರ ನೀರು ತುಂಬಿಕೊಂಡು ದಪ್ಪವಾಗುತ್ತದೆ. ತಿರುಗಲು ಜಾಗವಿಲ್ಲ, ಉಸಿರಿಗೆ ಗಾಳಿಯಿಲ್ಲ. ಕುಟ್ಟಿದರೂ ಮೂತಿ ನೀರಿನಲ್ಲೇ. ನಿಮ್ಮ 14 ಮರಿಗಳು ಮೊಟ್ಟೆಯೊಳಗೆ ಮುಳುಗಿ ಸತ್ತವು. ಹೇಳಲು ನನಗೂ ಸಂಕಟವಾಗುತ್ತದೆ, ಆದರೆ ಆದದ್ದು ಇದೇ.

ಈಗ ನೀವು ಕೇಳಬಹುದು, ಯಂತ್ರದ ಜೊತೆ ಬಂದ ಕಾಗದದಲ್ಲಿ ನೀರು ಹಾಕಿ ಅಂತ ಇದೆಯಲ್ಲ? ಇರುತ್ತದೆ. ಅದು ಒಣ ಹವೆಯ ಊರಿಗೆ ಸರಿ. ಅದನ್ನು ಬರೆದವರು ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆ ನೋಡಿದವರಲ್ಲ. ನಮಗೆ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಜುಲೈಯಲ್ಲಿ ಹೊರಗೆ ಹೊತ್ತು ಹೊತ್ತಿಗೆ ಶೇ. 90 ತೇವ. ಹಾಗಂತ ಆ 90 ಪೆಟ್ಟಿಗೆಯೊಳಗೂ 90 ಆಗಿ ಇರುವುದಿಲ್ಲ. ಮಳೆಗಾಲದಲ್ಲಿ ಅಂಗಳದಲ್ಲಿ ಒಣಗದ ಬಟ್ಟೆ ಬಚ್ಚಲ ಒಲೆಯ ಮೇಲೆ ಕಟ್ಟಿದರೆ ಒಣಗುತ್ತದೆ, ಅಲ್ವಾ? ಗಾಳಿ ಬಿಸಿಯಾದಾಗ ಅದಕ್ಕೆ ಇನ್ನಷ್ಟು ನೀರು ಹಿಡಿಯುವ ಶಕ್ತಿ ಬರುತ್ತದೆ. ಹೊರಗೆ 26 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿಯನ್ನು 37.7ಕ್ಕೆ ಕಾಯಿಸಿದರೆ ಅದರ ತೇವ ಶೇ. 46ರ ಆಸುಪಾಸಿಗೆ ಇಳಿಯುತ್ತದೆ. ಮೊಟ್ಟೆಗೆ ಮೊದಲ 18 ದಿನ ಬೇಕಾದದ್ದು 45ರಿಂದ 55. ಅಂದರೆ ನಮ್ಮ ಮಳೆಯೇ ಆ ಕೆಲಸ ಮಾಡಿ ಕೊಡುತ್ತದೆ. ಅದರ ಮೇಲೆ ನೀವು ತೊಟ್ಟಿ ತುಂಬಿದಿರಿ. 70 ಮೀರಿ ಹೋಗಿರಬೇಕು.

ಜನವರಿಯಲ್ಲಿ ಇದೇ ಯಂತ್ರ, ಇದೇ ಮನೆ, ಆದರೆ ಲೆಕ್ಕ ಬೇರೆ. ರಾತ್ರಿ 21 ಡಿಗ್ರಿ, ಶೇ. 70 ತೇವ ಅಂತ ಇಟ್ಟುಕೊಳ್ಳಿ. ಪೆಟ್ಟಿಗೆಯೊಳಗೆ ಅದು 27ಕ್ಕೆ ಇಳಿಯುತ್ತದೆ. ಆಗ ನೀರು ಬೇಕೇ ಬೇಕು. ಇಲ್ಲದಿದ್ದರೆ ಮರಿ ಸೊರಗಿ, ಒಳಪೊರೆ ಒಣಗಿ ಮೈಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಯಾರಾದರೂ "ನಾನು ನೀರೇ ಹಾಕುವುದಿಲ್ಲ" ಅಂದರೂ, "ತುಂಬಾ ಹಾಕಬೇಕು" ಅಂದರೂ, ಅವರು ಯಾವ ತಿಂಗಳ ಮಾತು ಹೇಳುತ್ತಿದ್ದಾರೆ ಅಂತ ಮೊದಲು ಕೇಳಿ.

ಅತ್ತೆಯ ಹೇಂಟೆಯನ್ನೇ ನೋಡಿ. ಅದರ ಹೆಡಿಗೆಯಲ್ಲಿ ನೀರಿನ ತೊಟ್ಟಿ ಇತ್ತಾ? ಬೈಹುಲ್ಲು ಇತ್ತು, ಎದೆಯ ಪುಕ್ಕ ಉದುರಿ ಬರಿದಾದ ಬೆಚ್ಚನೆಯ ಚರ್ಮ ಇತ್ತು, ಅಷ್ಟೇ. 11ರಲ್ಲಿ 9 ಬಂತು.

ತೇವ ತೋರಿಸುವ ಅಗ್ಗದ ಮೀಟರುಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಎರಡು ಮೀಟರ್ ಪಕ್ಕಪಕ್ಕ ಇಟ್ಟರೆ ಹತ್ತು ಅಂಕೆಯ ವ್ಯತ್ಯಾಸ ತೋರಿಸುವುದನ್ನು ನೋಡಿದ್ದೇನೆ. ನನ್ನ ನಂಬಿಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ. 18 ದಿನದಲ್ಲಿ ಮೊಟ್ಟೆ ತನ್ನ ತೂಕದ ಶೇ. 12ರಷ್ಟು ಕಳೆದುಕೊಳ್ಳಬೇಕು. ಒಂದೆರಡು ಆಚೆಈಚೆ ಆದರೆ ತೊಂದರೆಯಿಲ್ಲ. ಊರಿನ ಕೋಳಿಯ ಮೊಟ್ಟೆ ಒಂದಕ್ಕೆ ಸುಮಾರು 45 ಗ್ರಾಂ. ಹತ್ತು ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಮಾಡಿ, ಇಡುವ ದಿನವೇ ಒಟ್ಟಿಗೆ ತೂಗಿ. 450 ಗ್ರಾಂ ಇದ್ದರೆ, 6ನೇ ದಿನ 432, 12ನೇ ದಿನ 414, 18ನೇ ದಿನ 396 ಇರಬೇಕು. ಆರು ದಿನಕ್ಕೆ 18 ಗ್ರಾಂ. 6ನೇ ದಿನ 440 ಇದ್ದರೆ ನೀರು ಸರಿಯಾಗಿ ಹೋಗುತ್ತಿಲ್ಲ ಅಂತ. ತೊಟ್ಟಿ ಒಣಗಿಸಿ, ಗಾಳಿಯ ತೂತು ಪೂರ್ತಿ ತೆರೆಯಿರಿ. 425ಕ್ಕೆ ಇಳಿದಿದ್ದರೆ ಸ್ವಲ್ಪ ನೀರು ಹಾಕಿ. ಮೊಟ್ಟೆಯೇ ಹೇಳುತ್ತದೆ, ನಾವು ಕೇಳಬೇಕು ಅಷ್ಟೇ.

ತಕ್ಕಡಿ ಇಲ್ಲದಿದ್ದರೆ ಮೊಬೈಲಿನ ಟಾರ್ಚ್ ಸಾಕು. ರಾತ್ರಿ ದೀಪ ಆರಿಸಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಟಾರ್ಚಿನ ಸುತ್ತ ಬಳೆಯ ಹಾಗೆ ಹಿಡಿದು, ಮೊಟ್ಟೆಯ ದಪ್ಪ ತುದಿಯನ್ನು ಅದರ ಮೇಲೆ ಕೂರಿಸಿ. 7ನೇ ದಿನ ನೋಡುವಾಗ ಮೊಟ್ಟೆ ಕಿತ್ತಳೆ ಬಣ್ಣಕ್ಕೆ ಬೆಳಗುತ್ತದೆ. ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿರುತ್ತವೆ. ಒಂದು ಗಳಿಗೆ ಕೈ ಅಲುಗಿಸದೆ ನೋಡಿ. ಆ ಚುಕ್ಕೆ ಮೆಲ್ಲಗೆ ಆಡುತ್ತದೆ. ನಾನು ಮೂವತ್ತು ವರ್ಷದಿಂದ ಇದನ್ನು ನೋಡುತ್ತಿದ್ದೇನೆ, ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ನರವಿಲ್ಲದೆ ಸ್ವಚ್ಛ ಬೆಳಗಿದರೆ ಅದು ಬರೀ ಮೊಟ್ಟೆ. ನರದ ಬದಲು ಒಂದು ಕೆಂಪು ಉಂಗುರ ಮಾತ್ರ ಕಂಡರೆ ಜೀವ ಹೋಗಿದೆ. ಅವನ್ನು ತೆಗೆದುಬಿಡಿ, ಇಲ್ಲದಿದ್ದರೆ ಕೊಳೆತು ಒಡೆದು ಉಳಿದದ್ದನ್ನೂ ಕೆಡಿಸುತ್ತವೆ. ಗಾಳಿ ಕೋಶದ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. 7, 14, 18ನೇ ದಿನ ಮೂರು ಗೆರೆ ಆಗುತ್ತವೆ. ಗೆರೆ ಒಂದಕ್ಕಿಂತ ಒಂದು ಕೆಳಗೆ ಇಳಿದಿರಬೇಕು.

18ನೇ ದಿನದಿಂದ ಎಲ್ಲಾ ತಿರುಗುಮುರುಗು. ತಿರುಗಿಸುವುದನ್ನು ನಿಲ್ಲಿಸಿ. ಈಗ ತೇವ 65ರಿಂದ 70ಕ್ಕೆ ಏರಬೇಕು. ಈಗ ನೀರು ಹಾಕಿ, ಮಳೆಗಾಲದಲ್ಲೂ ಹಾಕಿ. ಚಿಪ್ಪು ಒಡೆದ ಮೇಲೆ ಒಳಪೊರೆ ಒಣಗಬಾರದು, ಅದಕ್ಕೆ. ಹಾಕುವುದು ಬಿಸಿನೀರಾಗಿರಲಿ, ತಣ್ಣೀರು ಹಾಕಿದರೆ ಬಿಸಿ ಇಳಿಯುತ್ತದೆ. ಆಮೇಲೆ ಮುಚ್ಚಳ ತೆಗೆಯಬೇಡಿ. ಇದು ಕಷ್ಟ ಅಂತ ನನಗೆ ಗೊತ್ತು. ಒಳಗಿಂದ ಚೀಂವ್ ಚೀಂವ್ ಕೇಳುತ್ತಿರುತ್ತದೆ, ಮನೆಯ ಮಕ್ಕಳೆಲ್ಲ ಸುತ್ತ ಕೂತಿರುತ್ತಾರೆ. ಆದರೂ ಬೇಡ. ಒಂದು ಸಲ ತೆಗೆದರೆ ತೇವವೆಲ್ಲ ಹೊರಗೆ.

ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಮರಿ ಎಷ್ಟೋ ಹೊತ್ತು ಸುಮ್ಮನಿರುತ್ತದೆ. 12 ಗಂಟೆ, ಕೆಲವೊಮ್ಮೆ 24 ಗಂಟೆ. ಸತ್ತೇಹೋಯಿತು ಅಂತ ನಾವು ಗಾಬರಿಯಾಗುತ್ತೇವೆ. ಅದು ಸುಮ್ನೆ ಕೂತದ್ದಲ್ಲ. ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತನಾಳಗಳು ಒಣಗುತ್ತಿರುತ್ತವೆ. ಆಗ ನಾವು ಉಗುರಿನಿಂದ ಚಿಪ್ಪು ಬಿಡಿಸಿದರೆ ರಕ್ತ ಸುರಿಯುತ್ತದೆ. ಸಹಾಯ ಮಾಡಲು ಹೋಗಿ ಕೊಂದ ಮರಿಗಳ ನೆನಪು ನನಗೂ ಇದೆ.

ಬಿಸಿಯ ಬಗ್ಗೆ ಒಂದೇ ಮಾತು. ಯಂತ್ರದ ಅಂಕೆಯನ್ನು ಒಮ್ಮೆ ಪರೀಕ್ಷೆ ಮಾಡಿ. ಅದಕ್ಕೆ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿಗಿಂತ ಒಳ್ಳೆಯದು ಬೇರೆ ಇಲ್ಲ. ಅದು ನಿಖರವಾಗಿರುವುದೇ 37, 38ರ ಆಸುಪಾಸಿನಲ್ಲಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5ರಿಂದ 37.7. ಫ್ಯಾನ್ ಇಲ್ಲದ ಥರ್ಮೋಕೋಲ್ ಪೆಟ್ಟಿಗೆಯಾದರೆ ಮೊಟ್ಟೆಯ ಮೇಲ್ಭಾಗದಲ್ಲಿ 38.5ರ ಹತ್ತಿರ ಇರಬೇಕು, ಯಾಕೆಂದರೆ ಅಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಬಿಸಿ ಕಡಿಮೆಯಾದರೆ ಮೊಟ್ಟೆ ತಡೆದುಕೊಳ್ಳುತ್ತದೆ, ಹೆಚ್ಚಾದರೆ ಇಲ್ಲ. ನನ್ನ ಮೊದಲ ಪೆಟ್ಟಿಗೆ ಮೀನು ಮಾರ್ಕೆಟಿನಿಂದ ತಂದ ಥರ್ಮೋಕೋಲಿನದು, ಒಳಗೆ ಎರಡು ಬಲ್ಬು. ಒಂದು ಉಪನಯನಕ್ಕೆ ಹೋಗಿ ಸಂಜೆ ಬರುವಾಗ ಸ್ವಿಚ್ ಅಂಟಿಕೊಂಡು ಒಳಗೆ 42 ಡಿಗ್ರಿ ಆಗಿತ್ತು. 16 ದಿನದ 30 ಮೊಟ್ಟೆ. ಒಂದೂ ಉಳಿಯಲಿಲ್ಲ. ಆ ಸಂಜೆ ಊಟ ಸೇರಲಿಲ್ಲ.

ಕರೆಂಟು ಹೋದಾಗ ಅಷ್ಟು ಹೆದರಬೇಡಿ. ಮುಚ್ಚಳ ತೆಗೆಯದೆ ಮೇಲೆ ಕಂಬಳಿ ಹೊದಿಸಿ, ಗಾಳಿಯ ತೂತು ಬಿಟ್ಟು. ಎರಡು ಮೂರು ಗಂಟೆ ಏನೂ ಆಗುವುದಿಲ್ಲ. ಹೇಂಟೆಯೇ ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ಹೋಗುತ್ತದೆ. ಅದಕ್ಕಿಂತ ಹೆಚ್ಚಾದರೆ ಬಚ್ಚಲ ಹಂಡೆಯಿಂದ ಬಿಸಿನೀರು ಬಾಟಲಿಗೆ ತುಂಬಿಸಿ, ಬಟ್ಟೆ ಸುತ್ತಿ, ಮೊಟ್ಟೆಗೆ ತಾಗದ ಹಾಗೆ ಒಳಗೆ ಇಡಿ.

ಮೊಟ್ಟೆ ಆರಿಸುವುದರಲ್ಲಿ ನೀವು ತಪ್ಪಿಲ್ಲ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ತೊಳೆಯಬೇಡಿ. ತುಂಬಾ ದೊಡ್ಡದು, ತುಂಬಾ ಸಣ್ಣದು, ಬಿರುಕು ಬಿಟ್ಟದ್ದು ಬೇಡ. ಆಟೋದಲ್ಲೋ ಬಸ್ಸಿನಲ್ಲೋ ತಂದದ್ದಾದರೆ ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಇರಲಿ, ಆಮೇಲೆ ಕಾವಿಗೆ. ಅಂಗಡಿಯ ಬಿಳಿ ಮೊಟ್ಟೆಯಲ್ಲಿ ಮರಿ ಆಗುವುದಿಲ್ಲ, ಆ ಫಾರ್ಮುಗಳಲ್ಲಿ ಹುಂಜವೇ ಇಲ್ಲ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಸರಿ, ನಿಮಗೆ 14 ಸ್ವಲ್ಪ ಜಾಸ್ತಿ. ಮತ್ತೆ ಆ ಹುಂಜ ನಿಮ್ಮಲ್ಲೇ ಹುಟ್ಟಿದ್ದಾದರೆ, ದೂರದ ಯಾರದಾದರೂ ಮನೆಯ ಹುಂಜದೊಂದಿಗೆ ಬದಲಾಯಿಸಿಕೊಳ್ಳಿ. ತಾಯಿ, ಮಗಳು, ತಂಗಿ ಎಲ್ಲದಕ್ಕೂ ಒಂದೇ ಹುಂಜವಾದರೆ ನಾಲ್ಕೈದು ವರ್ಷದಲ್ಲಿ ಮರಿ ಬರುವುದು ಕಡಿಮೆಯಾಗುತ್ತದೆ.

ಇನ್ನು ಯಂತ್ರವೋ ಕೋಳಿಯೋ ಅನ್ನುವ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹತ್ತು ಹದಿನೈದು ಕೋಳಿಯ ಮನೆಗೆ ಒಳ್ಳೆಯ ಕಾವಿನ ಹೇಂಟೆ ಇದ್ದರೆ ಯಂತ್ರಕ್ಕಿಂತ ಅದೇ ಮೇಲು. ಕಾರಣ ಮೊಟ್ಟೆ ಒಡೆಯುವವರೆಗಿನ 21 ದಿನ ಅಲ್ಲ. ಆಮೇಲಿನ 40 ದಿನ. ಯಂತ್ರ ಮರಿ ಮಾಡುತ್ತದೆ, ಸಾಕುವುದಿಲ್ಲ. ಗಿಡುಗ ಬಂದಾಗ ಕೂಗಿ ಎಚ್ಚರಿಸುವುದಿಲ್ಲ, ಗೆದ್ದಲು ಕೆದಕಿ ತೋರಿಸುವುದಿಲ್ಲ, ಮಳೆ ಬಂದಾಗ ರೆಕ್ಕೆ ಅಗಲಿಸಿ ಕರೆಯುವುದಿಲ್ಲ. ನಿಮ್ಮ ಎರಡು ಮರಿ ಸತ್ತದ್ದು ಅಲ್ಲೇ ಅಲ್ವಾ?

ಆದರೆ ಯಂತ್ರವನ್ನು ಅಟ್ಟಕ್ಕೆ ಹಾಕಬೇಡಿ. ಎರಡನ್ನೂ ಜೊತೆ ಮಾಡಿ. ಕಾವಿನ ಹೇಂಟೆಯ ಅಡಿ ಮೊಟ್ಟೆ ಇಟ್ಟ ದಿನವೇ ಯಂತ್ರದಲ್ಲೂ ಮೊಟ್ಟೆ ಇಡಿ. 21ನೇ ದಿನ ಎರಡೂ ಕಡೆ ಮರಿ ಬರುತ್ತದೆ. ಯಂತ್ರದ ಮರಿಗಳನ್ನು ಹೇಂಟೆಗೆ ಕೊಡಿ.

ಕೊಡುವುದಕ್ಕೂ ಒಂದು ಕ್ರಮವಿದೆ. ಹಗಲು ಕೊಟ್ಟರೆ ಕೆಲವು ಹೇಂಟೆ ಕುಕ್ಕಿ ಓಡಿಸುತ್ತವೆ. ರಾತ್ರಿ ಎಲ್ಲಾ ಸದ್ದು ಅಡಗಿದ ಮೇಲೆ ಹೋಗಿ. ಮರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಕೈಯನ್ನು ಹಿಂದಿನಿಂದ ಹೇಂಟೆಯ ಹೊಟ್ಟೆಯಡಿಗೆ ತೂರಿಸಿ, ಬೆರಳು ಬಿಡಿಸಿ. ಬರುವಾಗ ಒಂದು ಮೊಟ್ಟೆಯ ಚಿಪ್ಪು ತೆಗೆದುಕೊಂಡು ಬನ್ನಿ. ಹೇಂಟೆ ಕೊರ್ ಅಂತ ಒಮ್ಮೆ ಗೊಣಗಿ, ಮೈ ಸ್ವಲ್ಪ ಎತ್ತಿ, ಮತ್ತೆ ಇಳಿಸುತ್ತದೆ. ಆ ಇಳಿಸುವುದೇ ಒಪ್ಪಿಗೆ. ಮರಿಯ ಚೀಂವ್ ಚೀಂವ್ ನಿಂತು, ನಿದ್ದೆಗೆ ಜಾರುವ ಸಣ್ಣ ಕುಲುಕುಲು ಕೇಳಿಸುತ್ತದೆ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಹೋಗಿ ಒಮ್ಮೆ ನೋಡಿ. ಬಣ್ಣ ಬೇರೆಯಾದ ಮರಿಯನ್ನು ಕೆಲವು ಹೇಂಟೆ ಬೆಳಕಿನಲ್ಲಿ ಗುರುತು ಹಿಡಿಯುತ್ತವೆ. ಕೊಡುವ ಮರಿ ಒಂದೆರಡು ದಿನದ್ದೇ ಆಗಿರಬೇಕು. ವಾರ ಕಳೆದ ಮರಿಗೆ ತಾಯಿಯ ಕರೆ ಅರ್ಥವಾಗುವುದಿಲ್ಲ. ಒಂದು ಹೇಂಟೆಗೆ ಹದಿನೈದರವರೆಗೆ ಸಾಕು, ಮಳೆಗಾಲದಲ್ಲಿ ಹನ್ನೆರಡು. ಎಲ್ಲವೂ ರೆಕ್ಕೆಯಡಿ ಹಿಡಿಯಬೇಕಲ್ಲ.

ಕಾವಿನ ಹೇಂಟೆಯ ಆಯ್ಕೆಯೂ ಮುಖ್ಯ. ಹೆಬ್ಬಾಳದ ಗಿರಿರಾಜ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ, ಮಣ್ಣುತ್ತಿಯ ಗ್ರಾಮಲಕ್ಷ್ಮಿ, ಇವು ಒಳ್ಳೆಯ ಕೋಳಿಗಳು, ಆದರೆ ಇವುಗಳಿಂದ ಕಾವಿನ ಕೆಲಸ ನಿರೀಕ್ಷಿಸಬೇಡಿ. ಮೊಟ್ಟೆ, ಮಾಂಸ ಹೆಚ್ಚಿಸಲು ಆರಿಸುತ್ತಾ ಬಂದಾಗ ಕಾವಿಗೆ ಕೂರುವ ಗುಣ ಹೋಯಿತು. ಇಂಥ ಕೋಳಿಯ ಮೊಟ್ಟೆಯನ್ನು ಊರಿನ ಹೇಂಟೆಯ ಅಡಿಯಲ್ಲೋ ಯಂತ್ರದಲ್ಲೋ ಇಡಬೇಕು. ಊರಿನ ಕೋಳಿ ಮೊಟ್ಟೆ ಕಡಿಮೆ ಇಡುತ್ತದೆ ಅಂತ ಅದನ್ನು ಪೂರ್ತಿ ಬಿಟ್ಟುಬಿಡುವವರನ್ನು ಕಂಡರೆ ನನಗೆ ಬೇಸರ. ಒಮ್ಮೆ ಕಳೆದುಕೊಂಡರೆ ಅಂಥ ತಾಯಿಯನ್ನು ಯಾವ ಹ್ಯಾಚರಿಯೂ ಕೊಡುವುದಿಲ್ಲ.

ಹೇಂಟೆ ಗೂಡು ಬಿಡದೆ, ಕೈ ಹಾಕಿದರೆ ಪುಕ್ಕ ಉಬ್ಬಿಸಿ, ಕ್ಲಕ್ ಕ್ಲಕ್ ಅನ್ನಲು ಶುರು ಮಾಡಿದರೆ ಕಾವು ಬಂತು ಅಂತ. ಎರಡು ದಿನ ಕಾದು ನೋಡಿ, ಒಂದು ಸುಳ್ಳು ಮೊಟ್ಟೆಯ ಮೇಲೆ ಕೂರಲಿ. ಗಟ್ಟಿಯಾಗಿ ಕೂತರೆ ಮಾತ್ರ ನಿಜವಾದ ಮೊಟ್ಟೆ ಇಡಿ. ಎಲ್ಲವನ್ನೂ ಒಂದೇ ದಿನ ಇಡಿ, ಗುರುತು ಮಾಡಿ. ಬೇರೆ ಹೇಂಟೆಗಳು ಅಲ್ಲೇ ಬಂದು ಹೊಸ ಮೊಟ್ಟೆ ಇಟ್ಟು ಹೋಗುತ್ತವೆ. ಗುರುತಿಲ್ಲದ ಮೊಟ್ಟೆಯನ್ನು ದಿನಾ ತೆಗೆದುಬಿಡಿ. ಹೆಡಿಗೆಯ ಅಡಿಗೆ ಒಣ ಬೂದಿ, ಮೇಲೆ ಬೈಹುಲ್ಲು, ಜೊತೆಗೆ ಒಂದು ಹಿಡಿ ನೆಕ್ಕಿ (ಲಕ್ಕಿ) ಸೊಪ್ಪು ಹಾಕುವುದು ನಮ್ಮ ಕಡೆಯ ಹಳೆಯ ಪದ್ಧತಿ. ಕೂರಿಸುವ ಮೊದಲು ರೆಕ್ಕೆಯಡಿ, ಗುದದ ಸುತ್ತ ಹೇನು ಇದೆಯಾ ನೋಡಿ. ಹೇನು ಇದ್ದರೆ ಎಷ್ಟು ಒಳ್ಳೆಯ ತಾಯಿಯೂ ಅರ್ಧಕ್ಕೆ ಎದ್ದು ಹೋಗುತ್ತದೆ. ದಿನಕ್ಕೊಮ್ಮೆ ತಾನಾಗಿ ಏಳದಿದ್ದರೆ ನೀವೇ ಮೆಲ್ಲಗೆ ಎತ್ತಿ ಹೊರಗೆ ಬಿಡಿ. ಕಾಳು, ನೀರು ಹತ್ತಿರದಲ್ಲೇ ಇರಲಿ. ಎತ್ತುವಾಗ ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿದೆಯಾ ಅಂತ ಕೈಯಾಡಿಸಿ ನೋಡಿ.

ಈಗ ಮರಿಗಳ ವಿಷಯ. ಹೇಂಟೆ ಇಲ್ಲದೆ ಸಾಕುವುದಾದರೆ ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಈಗ ತುಂಬಾ ಜನ ಮಾಡುವ ತಪ್ಪೊಂದಿದೆ. ಮನೆಯಲ್ಲಿ ಎಲ್ಲಾ ಎಲ್‌ಇಡಿ ಬಲ್ಬು. ಅದನ್ನೇ ರಟ್ಟಿನ ಪೆಟ್ಟಿಗೆಯ ಮೇಲೆ ತೂಗಿಸುತ್ತಾರೆ. ಅದು ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಬಿಸಿ ಕೊಡುವುದಿಲ್ಲ. ಹಳೆಯ ತಂತಿ ಬಲ್ಬು ಬೇಕು, ಇಲ್ಲವೇ ಕೋಳಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಬಿಸಿ ಬಲ್ಬು. ಹತ್ತು ಹದಿನೈದು ಮರಿಗೆ 60 ವ್ಯಾಟ್ ಸಾಕು.

ಥರ್ಮಾಮೀಟರಿಗಿಂತ ಮರಿಗಳನ್ನು ನೋಡಿ. ಬಲ್ಬಿನ ಅಡಿಯಲ್ಲಿ ಒಂದರ ಮೇಲೊಂದು ಬಿದ್ದು ಗಟ್ಟಿಯಾಗಿ ಕೂಗುತ್ತಿದ್ದರೆ ಚಳಿ. ದೂರ ಹೋಗಿ ಬಾಯಿ ತೆರೆದು ಕೂತರೆ ಸೆಕೆ. ಎಲ್ಲವೂ ಒಂದೇ ಮೂಲೆಗೆ ಸೇರಿದ್ದರೆ ಇನ್ನೊಂದು ಬದಿಯಿಂದ ಗಾಳಿ ನುಗ್ಗುತ್ತಿದೆ. ಹರಡಿಕೊಂಡು ಮೆಲ್ಲಗೆ ಗುನುಗುತ್ತಾ ತಿನ್ನುತ್ತಿದ್ದರೆ ನೀವು ಹೋಗಿ ಮಲಗಬಹುದು.

ನಿಮ್ಮ ಎರಡು ಮರಿ ಸತ್ತಂಥ ರಾತ್ರಿಗಳು ನಮ್ಮ ಮಳೆಗಾಲದಲ್ಲಿ ಇನ್ನೂ ಬರುತ್ತವೆ. ಸಂಜೆಯೇ ತಯಾರಿ ಮಾಡಿಕೊಳ್ಳಿ. ಹಂಡೆಯ ಬಿಸಿನೀರು ಎರಡು ಬಾಟಲಿಯಲ್ಲಿ ತುಂಬಿ, ಹಳೆಯ ಬನಿಯನ್ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿ. ಮರಿಗಳು ತಾವಾಗಿ ಬಂದು ಒರಗುತ್ತವೆ. ಮೂರು ಗಂಟೆಗೊಮ್ಮೆ ನೀರು ಬದಲಿಸಿ. ಕೆಂಡದ ಮಡಕೆ ಇಡುವವರಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಮಾಡಬೇಡಿ, ಅದರ ಗಾಳಿ ಮರಿಗೂ ವಿಷ, ಮನುಷ್ಯರಿಗೂ ವಿಷ.

ಹುಟ್ಟಿದ ಮರಿಗೆ ಮೊದಲ ದಿನ ಏನೂ ತಿನ್ನಿಸದಿದ್ದರೂ ನಡೆಯುತ್ತದೆ. ಹೊಟ್ಟೆಯಲ್ಲಿ ಹಳದಿ ಇರುತ್ತದೆ. ಮೈ ಒಣಗಿ ಉಬ್ಬಿದ ಮೇಲೆ ಯಂತ್ರದಿಂದ ತೆಗೆದು, ಉಗುರುಬೆಚ್ಚಗಿನ ನೀರು ಕೊಡಿ. ಒಂದೊಂದರ ಕೊಕ್ಕನ್ನು ಒಮ್ಮೆ ನೀರಿಗೆ ಮುಟ್ಟಿಸಿ, ಆಮೇಲೆ ಅವೇ ಕಲಿಯುತ್ತವೆ. ತಟ್ಟೆಯಲ್ಲಿ ನಾಲ್ಕು ಕಲ್ಲು ಹಾಕಿ, ಇಲ್ಲದಿದ್ದರೆ ಬಿದ್ದು ನೆನೆಯುತ್ತವೆ. ನುಣುಪು ಪೇಪರಿನ ಮೇಲೆ ಬಿಟ್ಟರೆ ಕಾಲು ಜಾರಿ ಅಗಲವಾಗಿಬಿಡುತ್ತದೆ, ಗೋಣಿ ಹಾಸಿ. ಬರೀ ಕಡಿಯಕ್ಕಿ ಕೊಟ್ಟು ಸಾಕುವುದು ನಮ್ಮಲ್ಲಿ ರೂಢಿ. ತಾಯಿಯ ಜೊತೆ ತೋಟದಲ್ಲಿ ಹುಳ ತಿನ್ನುವ ಮರಿಗೆ ಅದು ಸಾಲುತ್ತದೆ. ಪೆಟ್ಟಿಗೆಯ ಮರಿಗೆ ಸಾಲದು. ಮೊದಲ ಎಂಟು ವಾರ ಶೇ. 20 ಪ್ರೋಟೀನ್ ಇರುವ ಸ್ಟಾರ್ಟರ್ ಫೀಡ್ ಕೊಡಿ.

ಹೇಂಟೆಯ ಜೊತೆಗಿನ ಮರಿಗಳನ್ನೂ ಮಳೆಯಲ್ಲಿ ಹತ್ತು ಹದಿನೈದು ದಿನ ಹೊರಗೆ ಬಿಡಬೇಡಿ. ತಾಯಿ ಒದ್ದೆ ಹುಲ್ಲಿನಲ್ಲಿ ನಡೆಯುತ್ತದೆ, ಹಿಂದೆ ಓಡುವ ಮರಿ ನೆನೆದು ಒಂದೇ ಸಂಜೆಗೆ ಸಾಯುತ್ತದೆ. ಜಗಲಿಯಲ್ಲೋ ಹಟ್ಟಿಯ ಒಣ ಮೂಲೆಯಲ್ಲೋ ಕವುಚಿದ ಬುಟ್ಟಿಯಡಿ ಇರಲಿ. ಬಿಸಿಲು ಬಿದ್ದ ಹೊತ್ತು ಒಂದು ಗಂಟೆ ಬಿಡಿ. ಹಾಸಿದ ಉಮಿ ಒದ್ದೆಯಾಗಲು ಬಿಡಬೇಡಿ. ಮೂರು ವಾರ ದಾಟಿದ ಮರಿ ಪುಕ್ಕ ಇಳಿಬಿಟ್ಟು ರಕ್ತ ಬೆರೆತ ಹಿಕ್ಕೆ ಹಾಕಿದರೆ ಅದು ರಕ್ತಭೇದಿ, ಒದ್ದೆ ಹಾಸಿನಿಂದ ಬರುವ ಕಾಯಿಲೆ. ಅದೇ ದಿನ ಮೃಗಾಸ್ಪತ್ರೆಗೆ ಹೋಗಿ, ಮದ್ದು ಇದೆ. ಮರುದಿನಕ್ಕೆ ಇಟ್ಟರೆ ತಡವಾಗುತ್ತದೆ.

ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅಂತಲೂ ಹೇಳುತ್ತಾರೆ) ಮಾತ್ರ ಮದ್ದಿಲ್ಲ, ಲಸಿಕೆ ಒಂದೇ ದಾರಿ. 5ರಿಂದ 7ನೇ ದಿನದೊಳಗೆ ಎಫ್‌1 ಅಥವಾ ಲಸೋಟ ಅನ್ನುವ ಲಸಿಕೆ, ಕಣ್ಣಿಗೆ ಒಂದು ಹನಿ. 14ನೇ ದಿನ ಗಂಬೋರೊ ಅನ್ನುವ ಇನ್ನೊಂದು ರೋಗದ ಲಸಿಕೆ. ನಾಲ್ಕನೇ ವಾರದಲ್ಲಿ ಇನ್ನೊಮ್ಮೆ ಲಸೋಟ. 8 ವಾರಕ್ಕೆ ಮತ್ತೆ ಕೊಕ್ಕರೆ ರೋಗಕ್ಕೇ ಆರ್‌2ಬಿ ಚುಚ್ಚುಮದ್ದು. ಲಸಿಕೆಯ ಒಂದು ಬಾಟಲಿಯಲ್ಲಿ ನೂರೋ ಅದಕ್ಕೂ ಹೆಚ್ಚೋ ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಮನೆಯ ಹತ್ತು ಮರಿಗೆ ಅಂತ ಯಾರೂ ಒಡೆಯಲು ಮನಸ್ಸು ಮಾಡುವುದಿಲ್ಲ. ನಾನು ಕೆಲಸದಲ್ಲಿದ್ದಾಗ ಹೇಳುತ್ತಿದ್ದದ್ದು ಇದು. ಐದಾರು ಮನೆಯವರು ಮಾತಾಡಿಕೊಂಡು ಒಂದೇ ವಾರ ಕಾವಿಗೆ ಇಡಿ. ಮರಿಗಳೆಲ್ಲ ಒಂದೇ ಪ್ರಾಯದ್ದಾಗುತ್ತವೆ, ಒಂದೇ ಬಾಟಲಿ ಎಲ್ಲರಿಗೂ ಸಾಕಾಗುತ್ತದೆ. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಕೈಚೀಲದಲ್ಲಿ ಬಿಸಿಲಿಗೆ ತಂದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಕೊನೆಗೆ ಅತ್ತೆಯ ಗುಡುಗು. ನಮ್ಮ ಕಡೆ ಗೂಡಿನಲ್ಲಿ ಕಬ್ಬಿಣದ ತುಂಡೋ ಇದ್ದಲೋ ಇಡುವ ಮನೆಗಳು ಈಗಲೂ ಇವೆ. ಗುಡುಗಿನ ಸದ್ದಿಗೆ ಮೊಟ್ಟೆಯೊಳಗಿನ ಜೀವ ಸಾಯುವುದಿಲ್ಲ. ಆದರೆ ಹಿರಿಯರು ಕಂಡದ್ದು ಸುಳ್ಳೂ ಅಲ್ಲ. ಗುಡುಗು ಜೋರಾಗಿ ಬರುವುದು ಎಪ್ರಿಲ್, ಮೇ ತಿಂಗಳಲ್ಲಿ. ಆಗ ಒಳಮನೆಯಲ್ಲೂ 30 ಡಿಗ್ರಿ ಮೀರಿದ ಸೆಕೆ. ಮೊಟ್ಟೆ 21ರಿಂದ 24 ಡಿಗ್ರಿ ದಾಟಿದರೆ ಕಾವಿಲ್ಲದೆಯೇ ಒಳಗಿನ ಜೀವ ಮೆಲ್ಲಗೆ ಬೆಳೆಯಲು ಶುರು ಮಾಡುತ್ತದೆ, ಬೇಕಾದಷ್ಟು ಬಿಸಿಯಿಲ್ಲದೆ ಬಸವಳಿಯುತ್ತದೆ. ಹತ್ತು ಹದಿನೈದು ದಿನ ಕೂಡಿಟ್ಟ ಮೊಟ್ಟೆಯನ್ನು ಆ ತಿಂಗಳಲ್ಲಿ ಕಾವಿಗೆ ಇಟ್ಟರೆ ಅರ್ಧ ಹಾಳಾಗುತ್ತದೆ. ಹೆಸರು ಮಾತ್ರ ಗುಡುಗಿಗೆ ಬಂತು. ಬೇಸಗೆಯಲ್ಲಿ ನಾಲ್ಕು ದಿನಕ್ಕಿಂತ ಹಳೆಯ ಮೊಟ್ಟೆ ಇಡಬೇಡಿ, ಮಳೆಗಾಲದಲ್ಲಿ ಒಂದು ವಾರದವರೆಗೆ ಆದೀತು. ಅತ್ತೆ ಕಬ್ಬಿಣ ಇಡುವುದಾದರೆ ಇಡಲಿ, ಮೊಟ್ಟೆಗೆ ಅದರಿಂದ ತೊಂದರೆಯಿಲ್ಲ. ಮೊಟ್ಟೆಯ ಮೇಲೆ ತಾರೀಕು ಬರೆಯುವ ಕೆಲಸ ನೀವು ಮಾಡಿ.

ಮಳೆ ಮುಗಿಯುವ ಮೊದಲೇ ಇನ್ನೊಮ್ಮೆ ಇಟ್ಟು ನೋಡಿ, ತೊಟ್ಟಿ ಒಣಗಿಸಿ. 6ನೇ ದಿನದ ತೂಕ ಬಂದಾಗ ನನಗೆ ಬರೆದು ತಿಳಿಸಿ, ಮುಂದೆ ನೀರು ಬೇಕೋ ಬೇಡವೋ ಅಂತ ಸೇರಿ ನೋಡೋಣ.